ಕೆಮ್ಮಿನ ಲೆಕ್ಕ

ಮುಂಬಯಿಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ನಮ್ಮ ಕನ್ನಡ ಬಳಗದವರು ಸೇರಿದ್ದಾಗ ಆಡಿದ ಮಾತುಗಳಿವು. ಬರೆಯುವಾಗ ಒಂದೆರಡು ಕಡೆ ವಿವರ ಸೇರಿಸಿದ್ದೇನೆ, ಉಳಿದದ್ದು ಆಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಡಬ್ಬಿ ನೋಡಿ. ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದು. ಒಳಗಿರುವುದು ಹೊರಗೆ ಕಾಣುವ ಪ್ಲಾಸ್ಟಿಕ್, ತಿರುಗಿಸಿ ಹಾಕುವ ಮುಚ್ಚಳ. ಹೊಸದು, ಯಾರೂ ಬಳಸಿದ್ದಲ್ಲ. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ನೋಡಲಿ. ಟಿಬಿ ಇದೆಯಾ ಅಂತ ತಿಳಿಯಲು ಕಫ ಹಿಡಿದು ಕೊಡುವುದು ಇದರಲ್ಲೇ.

ಹಿಡಿಯುವುದಕ್ಕೂ ಒಂದು ರೀತಿ ಇದೆ. ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಎರಡು ಮೂರು ಸಲ ಉಸಿರನ್ನು ಪೂರ್ತಿ ಒಳಗೆ ಎಳೆದುಕೊಂಡು, ಎದೆಯ ತಳದಿಂದ ಕೆಮ್ಮಿ ತೆಗೆಯಬೇಕು. ಬೇಕಾದ್ದು ಕಫ, ಉಗುಳಲ್ಲ. ಇಷ್ಟನ್ನು ನಿಂತು ಹೇಳಿಕೊಡದೆ ಸುಮ್ನೆ ಡಬ್ಬಿ ಕೊಟ್ಟು ಕಳಿಸಿದರೆ ಜನ ಉಗುಳು ತಂದು ಕೊಡುತ್ತಾರೆ. ಲ್ಯಾಬಿನವರು ಅದರಲ್ಲಿ ಏನೂ ಇಲ್ಲ ಅಂತ ಬರೆಯುತ್ತಾರೆ. ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ, ಜೊತೆಗೆ ರೋಗವೂ ಹೋಗುತ್ತದೆ. ದೆಹಲಿಯಲ್ಲಿ ಎಷ್ಟು ಒಳ್ಳೆಯ ನೀತಿ ಬರೆದರೂ ಅದು ಕೊನೆಗೆ ಬಂದು ನಿಲ್ಲುವುದು ಈ ಎರಡು ನಿಮಿಷದ ಮಾತಿನಲ್ಲಿ.

ನನಗೆ ಕೊಟ್ಟ ವಿಷಯ ದೊಡ್ಡದು. ಪುರಾವೆ ಕೈಯಲ್ಲಿಟ್ಟುಕೊಂಡು ದೇಶದ ಆರೋಗ್ಯ ನೀತಿಯನ್ನು ಬದಲಾಯಿಸುವುದು ಹೇಗೆ ಅಂತ. ನಾನು ಪ್ರೊಫೆಸರ್ ಅಲ್ಲ, ಡಾಕ್ಟರೂ ಅಲ್ಲ. ಟಿಬಿ ರೋಗಿಗಳ ಮನೆಗೆ ಹೋಗಿ, ಮಾತ್ರೆ ತೆಗೆದುಕೊಂಡರಾ ಇಲ್ಲವಾ ಅಂತ ನೋಡಿ, ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಇಪ್ಪತ್ತೈದು ವರ್ಷ ಈ ಊರಿನ ಚಾಳುಗಳಲ್ಲಿ, ಝೋಪಡಿಪಟ್ಟಿಗಳಲ್ಲಿ, ಹೋಟೆಲುಗಳ ಹಿಂಬಾಗಿಲಿನಲ್ಲಿ ಅದನ್ನೇ ಮಾಡಿದ್ದೇನೆ. ಹಾಗಾಗಿ ಇವತ್ತು ಒಂದೇ ರೋಗದ ಕಥೆ ಹೇಳುತ್ತೇನೆ. ಜಗತ್ತಿನಲ್ಲಿ ಪ್ರತಿ ವರ್ಷ ಟಿಬಿ ಬರುವವರಲ್ಲಿ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರು. ಪುರಾವೆಯಿಂದ ನೀತಿ ಬದಲಾದದ್ದು, ಬದಲಾಗದೆ ಉಳಿದದ್ದು, ತಡವಾಗಿ ಬದಲಾದದ್ದು, ಎಲ್ಲವೂ ಈ ಒಂದು ರೋಗದಲ್ಲೇ ಸಿಗುತ್ತದೆ.

ಶುರು ನಮ್ಮ ಮನೆಯಿಂದಲೇ ಮಾಡುತ್ತೇನೆ. 1997ರಲ್ಲಿ ನನ್ನ ಅಣ್ಣ ಅಂಧೇರಿ ಕಡೆ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ನಮ್ಮ ಊರು ಕುಂದಾಪುರದ ಹತ್ತಿರ. ಬೆಳಿಗ್ಗೆ ನಾಲ್ಕಕ್ಕೆ ಇಡ್ಲಿ ಹಿಟ್ಟಿನ ಪಾತ್ರೆ ಎತ್ತಿದರೆ, ರಾತ್ರಿ ಹನ್ನೊಂದಕ್ಕೆ ಟೇಬಲ್ ಒರೆಸುವ ತನಕ ಕೂರುವ ಹಾಗಿಲ್ಲ. ಮಲಗುವುದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ಇನ್ನೂ ಏಳು ಹುಡುಗರ ಜೊತೆ. ಅಟ್ಟಕ್ಕೆ ಕಿಟಕಿ ಇರಲಿಲ್ಲ. ಅವನಿಗೆ ಕೆಮ್ಮು ಶುರುವಾಯಿತು. ಹತ್ತಿರದ ಡಾಕ್ಟರ ಬಳಿ ಹೋದ. ಕೆಮ್ಮಿನ ಸಿರಪ್ಪು ಕೊಟ್ಟರು. ಎರಡು ವಾರ ಬಿಟ್ಟು ಹೋದ, ಇನ್ನೊಂದು ಬಾಟಲಿ ಕೊಟ್ಟರು. ತಿಂಗಳಾದ ಮೇಲೆ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಸಂಬಳದ ಮೂರನೇ ಒಂದು ಪಾಲು ಅದಕ್ಕೇ ಹೋಯಿತು. ಟಿಬಿ ಇಲ್ಲ ಅಂತ ಚೀಟಿ ಬಂತು. ಆ ಚೀಟಿ ನಂಬಿಕೊಂಡು ಅವನು ಮತ್ತೆ ಮೂರು ತಿಂಗಳು ಅದೇ ಅಟ್ಟದಲ್ಲಿ ಕೆಮ್ಮುತ್ತಾ ಮಲಗಿದ. ಕಫದಲ್ಲಿ ರಕ್ತ ಕಂಡ ದಿನ ಜೊತೆಯ ಹುಡುಗನೊಬ್ಬ ಅವನನ್ನು ಪಾಲಿಕೆಯ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿ ಇಂಥದೇ ಒಂದು ಡಬ್ಬಿ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಂಡಿತು. ಅಷ್ಟರಲ್ಲಿ ಅಟ್ಟದ ಇನ್ನಿಬ್ಬರಿಗೆ ರೋಗ ಹತ್ತಿತ್ತು.

ಅಣ್ಣ ಉಳಿದ. ಈಗ ಊರಿನಲ್ಲಿದ್ದಾನೆ, ಸ್ವಲ್ಪ ಅಡಿಕೆ ತೋಟ ಇದೆ. ಇವತ್ತಿಗೂ ಗುಡ್ಡ ಹತ್ತಿದರೆ ಏದುಸಿರು. ಒಂದು ಮಾತು ಮಾತ್ರ ನೀವು ನೆನಪಿಡಬೇಕು. ಅವನು ರೋಗವನ್ನು ಮುಚ್ಚಿಟ್ಟವನಲ್ಲ, ಅಸಡ್ಡೆ ಮಾಡಿದವನೂ ಅಲ್ಲ. ಮೊದಲನೇ ತಿಂಗಳಲ್ಲೇ ಡಾಕ್ಟರ ಹತ್ತಿರ ಹೋಗಿದ್ದ.

ಈ ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಯಿತು, ಅಣ್ಣನ ಕಥೆಯನ್ನು ಮೂವತ್ತೈದು ವರ್ಷ ಮೊದಲೇ ನಮ್ಮ ತುಮಕೂರು ಜಿಲ್ಲೆಯಲ್ಲಿ ಯಾರೋ ಎಣಿಸಿ ಬರೆದಿಟ್ಟಿದ್ದರು ಅಂತ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಬಳ್ಳಾರಿ ರಸ್ತೆಯಲ್ಲಿ ಈಗಲೂ ಇದೆ. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಮನೆಯಲ್ಲೇ ಬಿದ್ದಿರುತ್ತಾರೆ, ಎಕ್ಸ್‌ರೇ ವ್ಯಾನು ತೆಗೆದುಕೊಂಡು ಊರೂರು ಸುತ್ತಿ ಅವರನ್ನು ಹುಡುಕಬೇಕು ಅನ್ನುವುದು ಆಗಿನ ದೊಡ್ಡವರ ನಂಬಿಕೆ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ಬೇರೆ ದಾರಿ ಹಿಡಿದರು. ರೋಗ ಇರುವವರ ಮನೆಗೇ ಹೋಗಿ, ಕೂತು, ನಿಮಗೆ ಏನಾಗುತ್ತಿದೆ, ಅದಕ್ಕೆ ನೀವು ಏನು ಮಾಡಿದಿರಿ ಅಂತ ಕೇಳಿದರು. ಬಹುಪಾಲು ಜನಕ್ಕೆ ತಮಗೇನೋ ಆಗಿದೆ ಅಂತ ಚೆನ್ನಾಗಿ ಗೊತ್ತಿತ್ತು. ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಇದು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು.

ಬೆಂಗಳೂರಿನ ಆ ಸಂಸ್ಥೆ ಕಲೆ ಹಾಕಿದ ಇಂಥ ಲೆಕ್ಕಗಳ ಮೇಲೆಯೇ 1962ರ ರಾಷ್ಟ್ರೀಯ ಟಿಬಿ ಕಾರ್ಯಕ್ರಮ ನಿಂತಿತು. ಟಿಬಿಗೆ ಅಂತ ಬೇರೆ ಅರಮನೆ ಕಟ್ಟುವುದು ಬೇಡ, ಊರಿನ ಸಾಮಾನ್ಯ ಆಸ್ಪತ್ರೆಗೆ ಕೆಮ್ಮು ಅಂತ ಬಂದವರ ಕಫ ನೋಡಿದರೆ ಸಾಕು ಅಂತ. ಎಷ್ಟು ಸರಳ, ಎಷ್ಟು ಸರಿ. ಪುರಾವೆ ಇತ್ತು. ಅದರ ಪ್ರಕಾರ ನೀತಿಯೂ ಆಯಿತು. ಆದರೂ 1997ರಲ್ಲಿ ನನ್ನ ಅಣ್ಣನ ಕೈಗೆ ಬಂದದ್ದು ಅದೇ ಬಾಟಲಿ. ಈ ಅಂತರ ನನ್ನನ್ನು ಇಪ್ಪತ್ತೈದು ವರ್ಷ ನಿದ್ದೆಗೆಡಿಸಿದೆ.

ತುಮಕೂರಿಗಿಂತ ಸ್ವಲ್ಪ ಮೊದಲು ಮದರಾಸಿನಲ್ಲಿ ನಡೆದದ್ದು ಜಗತ್ತನ್ನೇ ಬದಲಾಯಿಸಿತು. ಆ ಕಾಲಕ್ಕೆ ಟಿಬಿ ಬಂದರೆ ಸ್ಯಾನಿಟೋರಿಯಂ. ಗಾಳಿ, ಬೆಳಕು, ಹಾಲು, ಮೊಟ್ಟೆ, ಪೂರ್ತಿ ವಿಶ್ರಾಂತಿ. ಲಕ್ಷಗಟ್ಟಲೆ ರೋಗಿಗಳು, ಹಾಸಿಗೆಗಳು ಮಾತ್ರ ಕೆಲವೇ ಸಾವಿರ. ಹಾಸಿಗೆ ಸಿಗದವನು ಸಾಯಬೇಕಷ್ಟೆ. 1956ರಲ್ಲಿ ಮದರಾಸಿನಲ್ಲಿ ಒಂದು ಕೇಂದ್ರ ಶುರು ಮಾಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಮಾಡಿದ್ದು ಅದು. ಮುಂದೆ ನಿಂತವರು ಬ್ರಿಟನ್ನಿನ ಡಾಕ್ಟರ್ ವಾಲೇಸ್ ಫಾಕ್ಸ್. ಅವರು ಬಡ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ಸ್ಯಾನಿಟೋರಿಯಂಗೆ ಹೋದರು, ಇನ್ನೊಂದು ಪಾಲಿನವರು ತಮ್ಮ ಇಕ್ಕಟ್ಟಿನ ಮನೆಯಲ್ಲೇ ಉಳಿದರು. ಎರಡೂ ಕಡೆ ಒಂದೇ ಮಾತ್ರೆ, ಒಂದು ವರ್ಷ.

1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚು ಕಡಿಮೆ ಸ್ಯಾನಿಟೋರಿಯಂನವರಷ್ಟೇ ಗುಣವಾಗಿದ್ದರು. ಮನೆಯಲ್ಲಿದ್ದರೆ ಹೆಂಡತಿ ಮಕ್ಕಳಿಗೆ ಹರಡುತ್ತದಲ್ಲ ಅನ್ನುವ ಭಯ ಇತ್ತು. ಐದು ವರ್ಷ ಬೆನ್ನು ಹತ್ತಿ ನೋಡಿದರು. ಆ ಮನೆಗಳಲ್ಲಿ ರೋಗ ಹೆಚ್ಚಾಗಲಿಲ್ಲ. ಹರಡುವುದು ಹೆಚ್ಚಾಗಿ ಮಾತ್ರೆ ಶುರುವಾಗುವ ಮೊದಲೇ ಹರಡಿರುತ್ತದೆ. ಅಟ್ಟದ ಆ ಇಬ್ಬರು ಹುಡುಗರನ್ನು ನೆನೆದರೆ ಈ ಮಾತು ನನಗೆ ಇನ್ನೂ ಚುಚ್ಚುತ್ತದೆ. ಆಮೇಲೆ ನಿಧಾನಕ್ಕೆ ಲೋಕದ ಎಲ್ಲಾ ಕಡೆ ಸ್ಯಾನಿಟೋರಿಯಂಗಳು ಮುಚ್ಚಿದವು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತು ಬಂತು. ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡು ತೂಕ ಜಾಸ್ತಿ ಮಾಡಿಕೊಂಡರು, ನಿಜ. ಆದರೆ ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಗುಣವಾಗುವುದಕ್ಕೆ ಆ ಊಟ ಇರಲೇಬೇಕು ಅಂತಿಲ್ಲ ಅಂತ ತೀರ್ಮಾನಿಸಿದರು. ಇದನ್ನು ಸ್ವಲ್ಪ ಹಾಗೇ ಇಟ್ಟುಕೊಂಡಿರಿ. ಕೊನೆಗೆ ಇಲ್ಲಿಗೇ ವಾಪಸ್ ಬರಬೇಕು.

ಇನ್ನು ನಾನು ಕಣ್ಣಾರೆ ಕಂಡ ಕಾಲಕ್ಕೆ ಬರುತ್ತೇನೆ. 1992ರಲ್ಲಿ ಹಳೆಯ ಕಾರ್ಯಕ್ರಮವನ್ನು ಪರಿಶೀಲಿಸಿದಾಗ, ಚಿಕಿತ್ಸೆ ಶುರು ಮಾಡಿದವರಲ್ಲಿ ಅರ್ಧದಷ್ಟು ಜನ ಕೂಡ ಅದನ್ನು ಮುಗಿಸುತ್ತಿರಲಿಲ್ಲ ಅಂತ ಗೊತ್ತಾಯಿತು. ಮಾತ್ರೆ ಅರ್ಧಕ್ಕೇ ಖಾಲಿಯಾಗುತ್ತಿತ್ತು. ಯಾರು ಬಿಟ್ಟು ಹೋದರು ಅನ್ನುವ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಬಂತು. 2006ರ ಹೊತ್ತಿಗೆ ದೇಶವನ್ನೆಲ್ಲ ಮುಟ್ಟಿತು. ಜನ ಅದನ್ನು ಡಾಟ್ಸ್ ಅಂತಲೇ ಕರೆಯುತ್ತಿದ್ದರು. ನಾನು ಸೇರಿದ್ದು 1999ರಲ್ಲಿ.

ಆ ಕಾರ್ಯಕ್ರಮದಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ರಟ್ಟಿನ ಪೆಟ್ಟಿಗೆ. ಹೊಸ ರೋಗಿಗೆ ಕೆಂಪು, ಹಿಂದೆ ಒಮ್ಮೆ ಚಿಕಿತ್ಸೆ ತೆಗೆದುಕೊಂಡವರಿಗೆ ನೀಲಿ. ಒಬ್ಬ ರೋಗಿಯ ಪೂರ್ತಿ ಚಿಕಿತ್ಸೆಯ ಮಾತ್ರೆ ಮೊದಲ ದಿನವೇ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಮೇಲೆ ಅವನ ಹೆಸರು ಬರೆಯುತ್ತಿದ್ದೆವು. ಅವನ ಕಣ್ಣ ಮುಂದೆಯೇ ಬರೆಯುತ್ತಿದ್ದೆವು. "ಇದು ನಿಂದು, ಇದನ್ನು ಬೇರೆ ಯಾರಿಗೂ ಕೊಡಲ್ಲ, ಸ್ಟಾಕ್ ಇಲ್ಲ ಅಂತ ನಿನ್ನನ್ನು ವಾಪಸ್ ಕಳಿಸಲ್ಲ" ಅಂದಾಗ ಆ ಮುಖಗಳು ಹೇಗೆ ಬದಲಾಗುತ್ತಿದ್ದವು ಅಂತ ನಾನು ನೋಡಿದ್ದೇನೆ. ಸರ್ಕಾರಿ ಜಾಗದಲ್ಲಿ ತನ್ನ ಹೆಸರಿನ ಒಂದು ವಸ್ತು ಇದೆ ಅನ್ನುವುದು ಬಡವನಿಗೆ ಸಣ್ಣ ವಿಷಯ ಅಲ್ಲ. ಮಾತ್ರೆ ಖಾಲಿಯಾಗುತ್ತದೆ ಅನ್ನುವ ಹಳೆಯ ಪುರಾವೆಗೆ ಯಾರೋ ಮನಸ್ಸಿಟ್ಟು ಯೋಚಿಸಿ ಕೊಟ್ಟ ಉತ್ತರ ಅದು.

ಆದರೆ ಮಾತ್ರೆಯನ್ನು ನಮ್ಮೆದುರಿಗೇ ನುಂಗಬೇಕಿತ್ತು. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ಏಳು ಮಾತ್ರೆ. ವಿಜಯಪುರ ಕಡೆಯ ಒಬ್ಬ ಹುಡುಗ ಇದ್ದ, ಹತ್ತೊಂಬತ್ತು ವರ್ಷ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಅವನಿಗೆ ಬಿಡುವು ಮಧ್ಯಾಹ್ನ ಮೂರಕ್ಕೆ. ನಮ್ಮ ಕೇಂದ್ರ ಮುಚ್ಚುವುದು ಒಂದಕ್ಕೆ. ಎರಡು ವಾರ ಕಾರ್ಡಿನಲ್ಲಿ ಸೊನ್ನೆ ಬಿತ್ತು. ಅವನು ಬೇಜವಾಬ್ದಾರಿ ಅಂತ ಬರೆಯುವುದು ಸುಲಭವಾಗಿತ್ತು. ಹೋಗಿ ಕೇಳಿದ ಮೇಲೆ ಗೊತ್ತಾಯಿತು. ಆಮೇಲೆ ಹೋಟೆಲಿನ ಪಕ್ಕದ ಪಾನ್ ಅಂಗಡಿಯವರ ಬಳಿ ಅವನ ಪೆಟ್ಟಿಗೆ ಇಟ್ಟೆವು. ನೆರೆಹೊರೆಯವರು ಮಾತ್ರೆ ಕೊಡಬಹುದು ಅಂತ ನಿಯಮದಲ್ಲೇ ಇತ್ತು. ಆ ಅಂಗಡಿಯವರು ಒಂದು ದಿನವೂ ತಪ್ಪಲಿಲ್ಲ. ಗಿರಾಕಿ ನಿಲ್ಲಿಸಿ ನೀರು ಕೊಟ್ಟು, ಮಾತ್ರೆ ನುಂಗಿಸಿ, ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದರು.

ಇಷ್ಟೆಲ್ಲ ಮಾಡಿದರೂ, ಕಾರ್ಡು ಪೂರ್ತಿ ತುಂಬಿದವರಲ್ಲೂ ಕೆಲವರು ಒಂದೆರಡು ವರ್ಷದಲ್ಲಿ ಕೆಮ್ಮುತ್ತಾ ವಾಪಸ್ ಬರುತ್ತಿದ್ದರು. ದಿನ ಬಿಟ್ಟು ದಿನ ಕೊಡುವ ಕ್ರಮದಲ್ಲಿ ರೋಗ ಮರುಕಳಿಸುವುದು ಜಾಸ್ತಿ, ರೋಗಾಣು ಔಷಧಿಗೆ ಜಗ್ಗದ ಹಾಗಾಗುವ ಭಯವೂ ಜಾಸ್ತಿ ಅನ್ನುವುದಕ್ಕೆ ಪುರಾವೆ ಸೇರುತ್ತಾ ಬಂತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ದಿನವೂ ಮಾತ್ರೆ ಕೊಡುವುದು ಒಳ್ಳೆಯದು ಅಂತ ಹೇಳಿತ್ತು. ನಮ್ಮಲ್ಲಿ ಅದಕ್ಕೆ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2017ರ ಜನವರಿಯಲ್ಲಿ ಕೋರ್ಟು ಒಂಬತ್ತು ತಿಂಗಳ ಗಡುವು ಹಾಕಿದ ಮೇಲೆ, ಅದೇ ವರ್ಷದ ಕೊನೆಗೆ ದಿನದ ಮಾತ್ರೆ ಎಲ್ಲಾ ಕಡೆ ಬಂತು. ಏಳು ವರ್ಷ. ಆ ಏಳು ವರ್ಷದಲ್ಲಿ ನಾನು ಎಷ್ಟೋ ಕಾರ್ಡು ತುಂಬಿದ್ದೇನೆ. ಎಲ್ಲವನ್ನೂ ಪ್ರಾಮಾಣಿಕವಾಗಿಯೇ ತುಂಬಿದ್ದೇನೆ.

ಬೇಗ ಬದಲಾದದ್ದೂ ಇದೆ, ಹೇಳದಿದ್ದರೆ ತಪ್ಪಾಗುತ್ತದೆ. ಅಣ್ಣನಿಗೆ ಮಾಡಿಸಿದ ಆ ರಕ್ತ ಪರೀಕ್ಷೆ ನೆನಪಿದೆಯಲ್ಲ? ಟಿಬಿಯ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ರಕ್ತದಲ್ಲಿ ಇದೆಯಾ ಅಂತ ಹುಡುಕುವ ಪರೀಕ್ಷೆ. ದೇಶದ ಊರೂರಲ್ಲಿ ಅದರ ವ್ಯಾಪಾರ ಜೋರಾಗಿ ನಡೆದಿತ್ತು. ವಿಶ್ವ ಆರೋಗ್ಯ ಸಂಸ್ಥೆ 94 ಅಧ್ಯಯನಗಳನ್ನು ಜರಡಿ ಹಿಡಿದು ನೋಡಿ, 2011ರ ಜುಲೈಯಲ್ಲಿ ಈ ಪರೀಕ್ಷೆಯನ್ನು ಮಾಡಲೇಬೇಡಿ ಅಂತ ಹೇಳಿತು. ರೋಗ ಇದ್ದವರಿಗೆ ಇಲ್ಲ ಅನ್ನುತ್ತದೆ, ಇಲ್ಲದವರಿಗೆ ಇದೆ ಅನ್ನುತ್ತದೆ ಅಂತ. 2012ರ ಜೂನ್‌ನಲ್ಲಿ ನಮ್ಮ ಸರ್ಕಾರ ನಿಷೇಧ ಹಾಕಿತು. ಒಂದು ವರ್ಷವೂ ಆಗಿರಲಿಲ್ಲ. ಆ ಸುದ್ದಿ ಓದಿದ ದಿನ ನಾನು ಊರಿಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಇನ್ನೊಬ್ಬರಿಗೆ ಹಾಗೆ ಆಗೂದಿಲ್ಲ ಅಲ್ದಾ?" ಅಂತ ಕೇಳಿದ.

ಡಾಕ್ಟರುಗಳ ವಿಷಯಕ್ಕೆ ಬರೋಣ. ಧಾರಾವಿ ಇಲ್ಲಿಂದ ಕೂಗಳತೆ ದೂರ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ಊರಿನ ಬಡವರ ಬಡಾವಣೆಯ 100 ಖಾಸಗಿ ಡಾಕ್ಟರನ್ನು ಟಿಬಿಗೆ ಏನು ಬರೆದುಕೊಡುತ್ತೀರಿ ಅಂತ ಕೇಳಿದರು. 80 ಬಗೆಯ ಉತ್ತರ ಬಂತು. ಸುಮಾರು ಇಪ್ಪತ್ತು ವರ್ಷ ಕಳೆದು ಈ ಊರಿನ ಶ್ವಾಸಕೋಶ ತಜ್ಞ ಡಾ. ಝರೀರ್ ಉದ್ವಾಡಿಯಾ ಮತ್ತು ಜೊತೆಗಾರರು ಅದನ್ನೇ ಮತ್ತೆ ಕೇಳಿದರು. 106 ಡಾಕ್ಟರು, 63 ಬಗೆಯ ಚೀಟಿ. ಸರಿಯಾಗಿ ಬರೆದವರು 6 ಜನ. ಮುಂದೆ ಮುಂಬಯಿ ಮತ್ತು ಪಟ್ನಾದಲ್ಲಿ ಬೇರೆ ಸಂಶೋಧಕರು ಇನ್ನೊಂದು ಕೆಲಸ ಮಾಡಿದರು. ತರಬೇತಿ ಕೊಟ್ಟ ಜನರನ್ನು ರೋಗಿಗಳ ಹಾಗೆ ಡಾಕ್ಟರ ಬಳಿ ಕಳಿಸಿದರು, ಯಾರು ಅಂತ ಡಾಕ್ಟರಿಗೆ ಗೊತ್ತಿಲ್ಲ. ಸರಿಯಾದ ಕ್ರಮ ತೆಗೆದುಕೊಂಡದ್ದು ನೂರಕ್ಕೆ ಸುಮಾರು 35 ಸಲ ಮಾತ್ರ.

ಇದನ್ನು ಕೇಳಿ ಡಾಕ್ಟರನ್ನು ಬೈದು ಸುಮ್ಮನಾದರೆ ಏನೂ ಬದಲಾಗದು. ನನ್ನ ಮೇಲಿನವರೂ ಬಹಳ ಕಾಲ ಅದನ್ನೇ ಮಾಡಿದರು. ಖಾಸಗಿಯವರು ಕೆಟ್ಟವರು, ನಮ್ಮ ಲೆಕ್ಕಕ್ಕೆ ಬರುವವರಲ್ಲ ಅಂತ. ಲೆಕ್ಕಕ್ಕೆ ಬಾರದವರು ಎಷ್ಟು ಜನ ಅಂತ ತಿಳಿದದ್ದು ಬಹಳ ತಡವಾಗಿ. ಔಷಧಿ ಅಂಗಡಿಗಳಲ್ಲಿ ಮಾರಾಟವಾದ ಟಿಬಿ ಮಾತ್ರೆಗಳ ಅಂಕಿ ಅಂಶ ಇಟ್ಟುಕೊಂಡು ಲೆಕ್ಕ ಹಾಕಿದರು. 2014ರಲ್ಲಿ ಸುಮಾರು 22 ಲಕ್ಷ ಜನ ಖಾಸಗಿಯಲ್ಲಿ ಟಿಬಿ ಚಿಕಿತ್ಸೆ ತೆಗೆದುಕೊಂಡಿದ್ದರು ಅನ್ನುವ ಅಂದಾಜು ಬಂತು. ಅಲ್ಲಿಯ ತನಕ ನಂಬಿದ್ದಕ್ಕಿಂತ ಎರಡು ಮೂರು ಪಟ್ಟು. ಸರ್ಕಾರಿ ಕಡತದಲ್ಲಿ ಇಲ್ಲದವರು, ಮಾತ್ರೆಯ ಬಿಲ್ಲಿನಲ್ಲಿ ಸಿಕ್ಕಿದರು.

ಅದೇ ಹೊತ್ತಿಗೆ ಮುಂಬಯಿಯಲ್ಲಿ ಒಂದು ಪ್ರಯೋಗ ನಡೆಯಿತು. ಖಾಸಗಿ ಡಾಕ್ಟರು ರೋಗಿಯ ಹೆಸರು ಕೊಟ್ಟರೆ ಸಾಕು. ರೋಗಿಗೆ ಒಂದು ಕೂಪನ್ ಸಿಗುತ್ತದೆ, ಅದೇ ಬೀದಿಯ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಪುಕ್ಕಟೆ. ಕಫದಲ್ಲಿ ರೋಗಾಣು ಇದೆಯಾ, ಮುಖ್ಯ ಔಷಧಿಗೆ ಜಗ್ಗುತ್ತದಾ ಅಂತ ಎರಡು ಗಂಟೆಯಲ್ಲಿ ಹೇಳುವ ಯಂತ್ರದ ಪರೀಕ್ಷೆಯೂ ಕೈಗೆಟುಕಿತು. ಡಾಕ್ಟರು ತನ್ನ ರೋಗಿಯನ್ನು ಕಳೆದುಕೊಳ್ಳಲಿಲ್ಲ, ರೋಗಿ ತನ್ನ ಡಾಕ್ಟರನ್ನು ಕಳೆದುಕೊಳ್ಳಲಿಲ್ಲ. ಹೆಸರುಗಳು ಬರತೊಡಗಿದವು. ಇಂಥ ಪ್ರಯೋಗಗಳನ್ನು ನೋಡಿಯೇ ದೇಶದ ಮುಂದಿನ ಯೋಜನೆಯಲ್ಲಿ ಖಾಸಗಿಯವರಿಗೆ ಜಾಗ ಸಿಕ್ಕಿತು. 2023ರಲ್ಲಿ ದೇಶದಲ್ಲಿ ದಾಖಲಾದ ಸುಮಾರು 25.5 ಲಕ್ಷ ರೋಗಿಗಳಲ್ಲಿ ಮೂರನೇ ಒಂದು ಭಾಗ ಖಾಸಗಿಯಿಂದ ಬಂದವರು. ಗದರಿಸಿದಾಗ ಬಾರದ ಲೆಕ್ಕ, ಅವರ ಕೆಲಸ ಹಗುರ ಮಾಡಿದಾಗ ಬಂತು.

ಔಷಧಿಗೆ ಜಗ್ಗದ ಟಿಬಿಯ ಬಗ್ಗೆ ಇವತ್ತು ಜಾಸ್ತಿ ಹೇಳಲು ಸಮಯ ಇಲ್ಲ. ಒಂದೇ ಮಾತು. ಮೊದಲು ಇಪ್ಪತ್ತು ತಿಂಗಳ ತನಕ ನಡೆಯುತ್ತಿದ್ದ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸುವ ಕ್ರಮಕ್ಕೆ 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರ ಒಪ್ಪಿಗೆ ಕೊಟ್ಟಿತು. ಹಳೆಯ ಇಂಜೆಕ್ಷನ್ನಿನಿಂದ ಕಿವಿ ಕಳೆದುಕೊಂಡವರನ್ನು ನಾನು ಬಲ್ಲೆ. ಈ ಊರಿನ ನಂದಿತಾ ವೆಂಕಟೇಶನ್ ಹಾಗೆ ಕಿವಿ ಕಳೆದುಕೊಂಡವರೇ. ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ ಜೊತೆ ಸೇರಿ ಇಂಥ ಟಿಬಿಗೆ ಕೊಡುವ ಬೆಡಾಕ್ವಿಲಿನ್ ಔಷಧಿಯ ಪೇಟೆಂಟ್ ಮುಂದುವರಿಸುವುದರ ವಿರುದ್ಧ ಅರ್ಜಿ ಹಾಕಿದರು. 2023ರ ಮಾರ್ಚಿನಲ್ಲಿ ಗೆದ್ದರು. ರೋಗಿಯ ಅನುಭವವೂ ಪುರಾವೆಯೇ.

ಈಗ ಊಟದ ವಿಷಯ. ಇವತ್ತು ನಾನು ಇಲ್ಲಿಗೆ ಬಂದದ್ದೇ ಇದನ್ನು ಹೇಳಲು.

ಪುರಾವೆ ಅನ್ನುವುದು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಬಿಸಿಜಿ ಲಸಿಕೆಯ ಪರೀಕ್ಷೆ ನಡೆಯಿತು. ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಅದು ತಡೆಯಲಿಲ್ಲ. ಹಾಗಂತ ಲಸಿಕೆ ಬಿಟ್ಟೆವಾ? ಇಲ್ಲ. ಎಳೆ ಮಕ್ಕಳ ಮೆದುಳಿಗೆ ಹತ್ತುವ ಟಿಬಿಯನ್ನು ಅದು ತಡೆಯುತ್ತದೆ, ಅದಕ್ಕೆ ಬೇರೆ ಪುರಾವೆ ಇದೆ. ಪ್ರಶ್ನೆ ಬೇರೆ, ಉತ್ತರ ಬೇರೆ. ಅಲ್ಲಿ ನಾವು ಎಚ್ಚರವಾಗಿದ್ದೆವು. ಮದರಾಸಿನ ಊಟದ ಮಾತಿನಲ್ಲಿ ಎಚ್ಚರ ತಪ್ಪಿದೆವು. ಮಾತ್ರೆ ನುಂಗುವವನು ಗುಣವಾಗಲು ಒಳ್ಳೆಯ ಊಟ ಇರಲೇಬೇಕಾ ಅಂತ ಅವರು ಕೇಳಿದ್ದರು. ಇರಲೇಬೇಕಂತಿಲ್ಲ ಅಂತ ಉತ್ತರ ಬಂತು. ಆ ಉತ್ತರದ ನೆರಳಿನಲ್ಲಿ ಅರವತ್ತು ವರ್ಷ ನಾವು ಮಾತ್ರೆಯನ್ನು ಮಾತ್ರ ಎಣಿಸಿದೆವು. ರೋಗ ಬರುವುದು ಯಾರಿಗೆ, ಸಾಯುವುದು ಯಾರು, ಅವರ ಮನೆಯಲ್ಲಿ ಮುಂದೆ ಮಲಗುವುದು ಯಾರು, ಇದನ್ನು ಅಷ್ಟೇ ಗಟ್ಟಿಯಾಗಿ ಯಾರೂ ಕೇಳಲಿಲ್ಲ.

ಕೇಳಿದವರು ನಮ್ಮ ಮಂಗಳೂರಿನಿಂದ ಹೊರಟರು. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಐಸಿಎಂಆರ್ ದುಡ್ಡು ಕೊಟ್ಟಿತು. ಮದರಾಸಿನ ಅದೇ ಹಳೆಯ ಕೇಂದ್ರ ಈಗ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯಾಗಿದೆ, ಅದೂ ಕೈ ಜೋಡಿಸಿತು. 2019ರಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಕೆಲಸ ಶುರು. 2,800 ರೋಗಿಗಳು, ಅವರ ಮನೆಯವರು 10,345 ಜನ. ರೋಗಿಗಳಲ್ಲಿ ಐವರಲ್ಲಿ ನಾಲ್ವರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಎಲ್ಲಾ ರೋಗಿಗಳಿಗೂ ತಿಂಗಳಿಗೆ ಹತ್ತು ಕಿಲೋ ಆಹಾರದ ಚೀಲ ಕೊಟ್ಟರು. ಮನೆಯವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಪ್ರತಿ ದೊಡ್ಡವರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ.

ಅಷ್ಟೇ. ಅಕ್ಕಿ, ಬೇಳೆ. ಹೊಸ ಲಸಿಕೆ ಇಲ್ಲ, ಹೊಸ ಯಂತ್ರ ಇಲ್ಲ. 2023ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದದ್ದು ನೂರಕ್ಕೆ 39ರಷ್ಟು ಕಡಿಮೆ. ಕಫದಲ್ಲಿ ರೋಗಾಣು ಕಾಣುವ, ಇನ್ನೊಬ್ಬರಿಗೆ ಹರಡುವ ಟಿಬಿಯಂತೂ 48ರಷ್ಟು ಕಡಿಮೆ. ಮೊದಲ ಎರಡು ತಿಂಗಳಲ್ಲಿ ನೂರಕ್ಕೆ 5ರಷ್ಟು ತೂಕ ಏರಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯ 61ರಷ್ಟು ಕಡಿಮೆ ಇತ್ತು. ನಾನು ಈ ಸಾಲುಗಳನ್ನು ಓದಿ ಎದ್ದು ಹೊರಗೆ ಹೋಗಿ ನಿಂತೆ. ಇಪ್ಪತ್ತೈದು ವರ್ಷದಲ್ಲಿ ನಾನು ಎಷ್ಟು ಮನೆಗಳಲ್ಲಿ ಪಾತ್ರೆ ಖಾಲಿ ಇದ್ದದ್ದು ನೋಡಿದ್ದೇನೆ! ಆದರೆ ನನ್ನ ಕಾರ್ಡಿನಲ್ಲಿ ಅದನ್ನು ಬರೆಯಲು ಕಾಲಂ ಇರಲಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ. 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000. ಮನೆಯವರಿಗೂ ಆಹಾರದ ಕಿಟ್ ಸಿಗುವ ಹಾಗೆ ನಿಕ್ಷಯ ಮಿತ್ರ ಯೋಜನೆಯನ್ನು ವಿಸ್ತರಿಸಿದ್ದಾರೆ. ಒಳ್ಳೆಯದೇ. ಆದರೆ ನಿಕ್ಷಯ ಮಿತ್ರರು ದಾನಿಗಳು. ದಾನಿ ಇರುವ ಬೀದಿಯಲ್ಲಿ ಬೇಳೆ ಬರುತ್ತದೆ, ಇಲ್ಲದ ಬೀದಿಯಲ್ಲಿ ಬರುವುದಿಲ್ಲ. ಇಷ್ಟು ಗಟ್ಟಿ ಪುರಾವೆ ಇರುವಾಗ ಆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮಾತ್ರೆಯ ಹಾಗೆಯೇ ಸಿಗಬೇಕು. ಆ ಕೆಂಪು ಪೆಟ್ಟಿಗೆಯ ಹಾಗೆ ಹೆಸರು ಬರೆದು ಸಿಗಬೇಕು.

ಇನ್ನೊಂದು ಪ್ರಶ್ನೆ, ಇದು ನಮ್ಮ ಮುಂಬಯಿಯದ್ದು. ಮನೆಯವರು ಅಂದರೆ ಯಾರು? ಹೋಟೆಲಿನ ಅಟ್ಟದಲ್ಲಿ ಎಂಟು ಹುಡುಗರು ಒಂದೇ ಗಾಳಿ ಉಸಿರಾಡುತ್ತಾರೆ, ಒಂದೇ ಪಾತ್ರೆಯಲ್ಲಿ ಉಣ್ಣುತ್ತಾರೆ. ರೇಷನ್ ಕಾರ್ಡಿನ ಪ್ರಕಾರ ಅವರು ಎಂಟು ಬೇರೆ ಬೇರೆ ಮನೆಯವರು. ಒಬ್ಬ ಬೈಂದೂರಿನವನು, ಒಬ್ಬ ಯಾದಗಿರಿಯವನು, ಒಬ್ಬ ಬಿಹಾರದವನು. ಒಬ್ಬನಿಗೆ ಟಿಬಿ ಬಂದರೆ ಅವನ ಮನೆಯವರು ಅಂತ ಅರ್ಜಿಯಲ್ಲಿ ಬರೆಯುವುದು ಊರಿನಲ್ಲಿರುವ ಅಮ್ಮನ ಹೆಸರು. ಪಕ್ಕದಲ್ಲಿ ಮಲಗಿದವನ ಹೆಸರಲ್ಲ.

ಜಾರ್ಖಂಡಿನ ಹಳ್ಳಿಯಲ್ಲಿ ಸಿಕ್ಕ ಉತ್ತರ ಮುಂಬಯಿಯ ಅಟ್ಟಕ್ಕೆ ತಲುಪಬೇಕಾದರೆ ಯಾರಾದರೂ ಅಟ್ಟ ಹತ್ತಿ ಎಣಿಸಬೇಕು. ದೇಶದ ದೊಡ್ಡ ಟಿಬಿ ಸಮೀಕ್ಷೆ 2019ರಿಂದ 2021ರ ತನಕ ನಡೆಯಿತು. ರೋಗದ ಲಕ್ಷಣ ಇದ್ದವರಲ್ಲಿ ನೂರಕ್ಕೆ 64 ಜನ ಎಲ್ಲಿಗೂ ತೋರಿಸಲು ಹೋಗಿರಲಿಲ್ಲ. ತುಮಕೂರಿನಲ್ಲಿ ಆಗ ಅರ್ಧ ಜನ ಹೋಗಿದ್ದರು. ಬಾಟಲಿ ತೆಗೆದುಕೊಂಡು ಬಂದು ಬಂದು ಜನ ಸಾಕಾಗಿ ಬಿಟ್ಟರಾ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ, ಸಮೀಕ್ಷೆಯ ಮಾತಲ್ಲ. ಪತ್ತೆಯಾದ ರೋಗಿಗಳಲ್ಲಿ ನೂರಕ್ಕೆ 42 ಜನ ಎಕ್ಸ್‌ರೇ ಮಾಡದಿದ್ದರೆ ಕೈ ತಪ್ಪಿ ಹೋಗುತ್ತಿದ್ದರು ಅಂತಲೂ ಅದರಲ್ಲಿ ಇದೆ. ಅರವತ್ತರ ದಶಕದಲ್ಲಿ ವ್ಯಾನು ಬೇಡ ಅಂದದ್ದು ಆಗ ಸರಿ. ಈಗ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಹೊತ್ತು ಬಡಾವಣೆಗೆ ಹೋಗುತ್ತಿರುವುದೂ ಸರಿ. 2024ರ ಡಿಸೆಂಬರಿನಲ್ಲಿ ಶುರುವಾದ ನೂರು ದಿನಗಳ ಅಭಿಯಾನದಲ್ಲಿ ಅದನ್ನೇ ಮಾಡಿದರು. ಹೊಸ ಲೆಕ್ಕ ಬಂದರೆ ಹಳೆಯ ತೀರ್ಮಾನ ಬಿಡುವುದರಲ್ಲಿ ಯಾರಿಗೂ ಅವಮಾನ ಇಲ್ಲ.

ನನ್ನ ಮಾತು ಇಲ್ಲಿಗೆ ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ.

ಒಬ್ಬ ತಾಯಿ ಎದ್ದು ಕೇಳಿದರು, "ಮನೆಯಲ್ಲಿ ಒಬ್ಬರಿಗೆ ಬಂದರೆ ತಟ್ಟೆ ಲೋಟ ಬೇರೆ ಮಾಡಬೇಕಾ?" ಬೇಡ ಅಂದೆ. ಇದು ಗಾಳಿಯಲ್ಲಿ ಹರಡುವುದು, ತಟ್ಟೆಯಲ್ಲಲ್ಲ. ಕಿಟಕಿ ತೆಗೆಯಿರಿ, ಮಾತ್ರೆ ಶುರು ಮಾಡಿಸಿ, ಉಳಿದವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿ. ರೋಗ ಇಲ್ಲದ ಮನೆಯವರಿಗೂ ಮುಂದೆ ಬಾರದ ಹಾಗೆ ತಡೆಯುವ ಮಾತ್ರೆ ಈಗ ಪುಕ್ಕಟೆ ಸಿಗುತ್ತದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹೋಟೆಲ್ ಮಾಲಕರೊಬ್ಬರು ಕೈಯೆತ್ತಿದರು. "ನಮ್ಮಲ್ಲಿ ಅಟ್ಟದಲ್ಲೇ ಹುಡುಗರು ಮಲಗೂದು. ಯಾರಿಗೂ ಏನೂ ಆಗ್ಲಿಲ್ಲ ಅಂತ ಅಂದ್ಕೊಂಡಿದ್ದೇನೆ. ಒಮ್ಮೆ ಬಂದು ನೋಡ್ತೀರಾ ಮಾರಾಯ್ರೆ?" ಅಂತ ಕೇಳಿದರು.

ಸೋಮವಾರ ಮಧ್ಯಾಹ್ನ ಮೂರಕ್ಕೆ, ಊಟದ ಗಿರಾಕಿ ಕಡಿಮೆಯಾದ ಮೇಲೆ, ತೂಕದ ಯಂತ್ರ ಹಿಡಿದುಕೊಂಡು ಹೋದೆ. ಹನ್ನೊಂದು ಹುಡುಗರು ಸಾಲಾಗಿ ನಿಂತರು. ನಾಲ್ವರ ತೂಕ 45 ಕಿಲೋಗಿಂತ ಕಡಿಮೆ ಇತ್ತು. ಇಬ್ಬರಿಗೆ ಕೆಮ್ಮು, ಒಬ್ಬನಿಗೆ ಒಂದು ತಿಂಗಳಿನಿಂದ ಇದೆಯಂತೆ. ಅವನ ಹಾಸಿಗೆಯ ಹತ್ತಿರ ಸಿರಪ್ಪಿನ ಬಾಟಲಿ ಇತ್ತು. ಇಬ್ಬರಿಗೂ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ಕೂಡಲೇ ಹೇಗೆ ಕೆಮ್ಮಿ ತೆಗೆಯಬೇಕು ಅಂತ ತೋರಿಸಿಕೊಟ್ಟೆ. ಮಾಲಕರು ಅಟ್ಟದ ಗೋಡೆಯ ಮೇಲೆ ಕೈಯಿಟ್ಟು, ಕಿಟಕಿ ಎಲ್ಲಿ ಒಡೆಯಬಹುದು ಅಂತ ಅಳೆಯುತ್ತಿದ್ದರು.